ಬೆಂಗಳೂರಿಗೆ ಎರಡು ದಿನ

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ಬೆಂಗಳೂರಿನಲ್ಲಿ ನೆಲೆಸಿರುವ ಅಣ್ಣ, ಅಕ್ಕ, ಚಿಕ್ಕಪ್ಪ, ಸೋದರಮಾವಂದಿರ ಮನೆಗಳಿಗೆ ನೆಂಟರ ಸುಗ್ಗಿ. 'ಹುಡುಗರಿಗೆ ಎರಡು ದಿನ ಬೆಂಗಳೂರು ತೋರಿಸಿ ಕಳಿಸಿ' ಎಂಬ ಒಂದು ಮಾತು ಊರಿನಿಂದ ಬಂದರೆ ಸಾಕು, ಮನೆಯಲ್ಲಿ ಹಾಸಿಗೆ ದಿಂಬುಗಳ ಎಣಿಕೆ ಆರಂಭವಾಗುತ್ತದೆ. ತೋರಿಸಬೇಕಾದ ಸ್ಥಳಗಳ ಪಟ್ಟಿಯೇನೋ ಹಿಂದಿನಿಂದಲೂ ಸಿದ್ಧವಾಗಿಯೇ ಇದೆ: ವಿಧಾನಸೌಧ, ಕಬ್ಬನ್ ಪಾರ್ಕ್, ಲಾಲ್‌ಬಾಗ್, ಬಸವನಗುಡಿಯ ದೊಡ್ಡ ಬಸವಣ್ಣ. ಈಚೆಗೆ ಅದಕ್ಕೆ ಮಾಲ್‌ಗಳೂ ಮೆಟ್ರೊ ರೈಲೂ ಸೇರಿಕೊಂಡಿವೆ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮನೆ ಸೇರುವಷ್ಟರಲ್ಲಿ ಮಕ್ಕಳು ಹತ್ತು ಹನ್ನೆರಡು ಸ್ಥಳಗಳನ್ನು 'ನೋಡಿ ಮುಗಿಸಿರುತ್ತಾರೆ'. ಮಾರನೆಯ ದಿನ ಕೇಳಿದರೆ ನೆನಪಿನಲ್ಲಿ ಉಳಿದಿರುವುದು ಐಸ್‌ಕ್ರೀಮ್ ಒಂದೇ.

ಅನುಕೂಲವಂತರು ಇದೇ ಎರಡು ಮೂರು ದಿನವನ್ನು ಸಿಂಗಪುರದಲ್ಲೋ ಬ್ಯಾಂಕಾಕ್‌ನಲ್ಲೋ ಕಳೆದು ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಲೆಕ್ಕ ನೋಡಿದರೆ ಸೋಜಿಗವಾಗುತ್ತದೆ. ಇಡೀ ಸಿಂಗಪುರ ದೇಶದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ಕೆಂಗೇರಿ ಪುರಸಭೆ, ಸುತ್ತಲಿನ ಏಳು ನಗರಸಭೆಗಳು ಮತ್ತು 110 ಹಳ್ಳಿಗಳನ್ನು ಒಳಗೆ ಸೇರಿಸಿಕೊಂಡು 2007ರಲ್ಲಿ ಹಿಗ್ಗಿದ ಬೆಂಗಳೂರು ಕೂಡ 700 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಅಲ್ಲಿ ನಗರದೊಳಗಿನ ರೈಲು ಓಡತೊಡಗಿದ್ದು 1987ರಲ್ಲಿ, ಇಲ್ಲಿ 2011ರಲ್ಲಿ. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ 1999ರಿಂದ 2004ರವರೆಗಿನ ಕಾಲದಲ್ಲಿ 'ಬೆಂಗಳೂರು ಸಿಂಗಪುರ ಆಗುತ್ತದಂತೆ' ಎಂಬುದು ಮನೆಮಾತಾಗಿತ್ತು. ಆಯಿತೋ ಇಲ್ಲವೋ ಎಂಬ ಚರ್ಚೆ ಹಾಗಿರಲಿ. ಅಷ್ಟೇ ದೊಡ್ಡದೊಂದು ಮಹಾನಗರ ಎರಡು ಮೂರು ಗಂಟೆಯ ರೈಲು ಪ್ರಯಾಣದ ದೂರದಲ್ಲಿ ಇರುವಾಗ, ಅದನ್ನು ಎರಡೇ ದಿನದಲ್ಲಿ ಹೇಗೆ ನೋಡಬೇಕು ಎಂಬುದು ಚಿಕ್ಕ ಪ್ರಶ್ನೆಯಲ್ಲ. ನೋಡಲು ಬಂದ ಹುಡುಗ ನಾಳೆ ಅಲ್ಲಿಯೇ ಓದಲು ನಿಲ್ಲಬೇಕೇ ಬೇಡವೇ ಎಂಬ ತೀರ್ಮಾನವೂ ಆ ಎರಡು ದಿನಗಳ ಮೇಲೆ ನಿಂತಿದ್ದರಂತೂ ಅದು ಇನ್ನಷ್ಟು ದೊಡ್ಡದಾಗುತ್ತದೆ.

ತಿಪಟೂರಿನ ಹತ್ತಿರದ ಹಳ್ಳಿಯೊಂದರಿಂದ ತಾಯಿ ಮಗ ಒಂದು ಶುಕ್ರವಾರ ಸಂಜೆ ಯಶವಂತಪುರದಲ್ಲಿ ರೈಲಿಳಿದದ್ದು ಇಂಥ ತೀರ್ಮಾನಕ್ಕಾಗಿ. ಹುಡುಗ ಎಸ್ಸೆಸ್ಸೆಲ್ಸಿ ಬರೆದಿದ್ದ. ಫಲಿತಾಂಶ ಬರಲು ಇನ್ನೂ ದಿನಗಳಿದ್ದವು. ಚೆನ್ನಾಗಿ ಬರೆದಿದ್ದೇನೆಂದು ಅವನು ಹೇಳಿದ್ದ, ಮೇಷ್ಟ್ರುಗಳೂ ಹೇಳಿದ್ದರು. ಹಾಗಾದರೆ ಪಿಯುಸಿಗೆ ಬೆಂಗಳೂರಿಗೇ ಹಾಕಬೇಕು ಎಂಬುದು ತಾಯಿಯ ಹಟ. ರಾಜಾಜಿನಗರದಲ್ಲಿ ಸ್ವಂತ ಅಣ್ಣ ಇರುವಾಗ ಹಾಸ್ಟೆಲಿನ ಖರ್ಚೂ ಇಲ್ಲ. ತೆಂಗಿನ ತೋಟ ನೋಡಿಕೊಂಡು ಊರಿನಲ್ಲೇ ಉಳಿದಿದ್ದ ತಂದೆಯ ಮಾತು ಬೇರೆ: "ತಿಪಟೂರಲ್ಲಿ ಕಾಲೇಜಿಲ್ವಾ? ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದರೇನೇ ಉಂಡೆ ಕೊಬ್ಬರಿ ಆಗೋದು. ಆತುರ ಬಿದ್ದು ಒಡೆದರೆ ಕಾಯಿನೂ ಇಲ್ಲ, ಕೊಬ್ಬರಿನೂ ಇಲ್ಲ." ಕೊನೆಗೆ ರಾಜಿಯಾದದ್ದು ಹೀಗೆ: ಹುಡುಗ ಎರಡು ದಿನ ಬೆಂಗಳೂರು ನೋಡಿಕೊಂಡು ಬರಲಿ, ಅವನಿಗೇ ಕೇಳೋಣ.

ಅಣ್ಣನ ಮನೆ ಒಂದು ಅಡ್ಡರಸ್ತೆಯ ಮೊದಲ ಮಹಡಿಯಲ್ಲಿ. ಒಂದು ಹಾಲು, ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕಾದ ಅಡಿಗೆಮನೆ. ಹಾಲಿನ ಮೂಲೆಯಲ್ಲಿ ಮಗಳ ಓದುವ ಮೇಜು. ಗೋಡೆಗೆ ಅವಳ ವೇಳಾಪಟ್ಟಿ. ಅವಳು ಎರಡನೆಯ ಪಿಯುಸಿಗೆ ಕಾಲಿಡುವವಳು. ಬೆಳಿಗ್ಗೆ ನಾಲ್ಕೂವರೆಗೆ ಓದು, ಆರಕ್ಕೆ ಟ್ಯೂಷನ್, ಸಂಜೆ ಮತ್ತೆ ಟ್ಯೂಷನ್. ರಜೆಯೆಂಬ ಪದ ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುವುದರಿಂದ ಬಚ್ಚಲಿನ ಪಕ್ಕ ನೀಲಿ ಡ್ರಮ್ಮುಗಳ ಸಾಲು.

ಆ ಮನೆಯ ಯಜಮಾನ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಕೆಲಸ ಮಾಡುವವರು. ಹದಿನೆಂಟನೆಯ ವಯಸ್ಸಿನಲ್ಲಿ ಇದೇ ಯಶವಂತಪುರದಲ್ಲಿ ಇಳಿದು ಬಂದವರು. ಶನಿವಾರಕ್ಕೆ ರಜೆ ಹಾಕಿಕೊಂಡಿದ್ದರು. "ಏನೇನು ನೋಡಬೇಕೋ ಹೇಳು" ಎಂದು ಅಳಿಯನನ್ನು ಕೇಳಿದಾಗ ಅವನು ಪಟ್ಟಿಯನ್ನೇನೂ ಕೊಡಲಿಲ್ಲ. ಬದಲಿಗೆ ಮಹಡಿಯಿಂದ ರಸ್ತೆ ನೋಡುತ್ತ, "ಮಾವ, ಇಲ್ಲಿ ಮೊದಲು ಏನಿತ್ತು?" ಎಂದ.

ಸ್ಥಳ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. ರಾಜಾಜಿನಗರ ಇರುವ ಜಾಗದಲ್ಲಿ ಕೇತಮಾರನಹಳ್ಳಿಯಂಥ ಊರುಗಳೂ ಅವುಗಳ ಹೊಲಗಳೂ ಇದ್ದವು. ಆ ಹೆಸರು ಇಂದಿಗೂ ಬಡಾವಣೆಯ ನಡುವೆ ಉಳಿದುಕೊಂಡಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1949ರಲ್ಲಿ, ಕಾರ್ಖಾನೆಗಳಿಗೂ ಅಲ್ಲಿ ದುಡಿಯುವವರ ಮನೆಗಳಿಗೂ ಸೇರಿಸಿ ಒಂದು ಕೈಗಾರಿಕಾ ಉಪನಗರವನ್ನು ಇಲ್ಲಿ ಕಟ್ಟಲು ಹೊರಟರು. ಆಗ ದೇಶದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ, ಇದನ್ನು ಉದ್ಘಾಟಿಸಿದರು. ಹೆಸರು ಅವರದೇ ಆಯಿತು. ಇಷ್ಟನ್ನು ಮಾವ ಹೇಳಲಿಲ್ಲ, ಅವರಿಗೆ ಅದು ಗೊತ್ತಿರಲಿಲ್ಲ. ಹೇಳಿದವಳು ಮೇಜಿನ ಮುಂದೆ ಕೂತಿದ್ದ ಮಗಳು. ಶಾಲೆಯಲ್ಲಿ ಯಾವಾಗಲೋ ಬರೆದ ಪ್ರಬಂಧದಿಂದ ಅವಳಿಗೆ ನೆನಪಿತ್ತು. "ಇಪ್ಪತ್ತೈದು ವರ್ಷದಿಂದ ಇಲ್ಲೇ ಇದ್ದೀನಿ, ನಂಗೆ ಗೊತ್ತಿರಲಿಲ್ಲ ನೋಡು" ಎಂದು ಮಾವ ನಕ್ಕರು.

ಶನಿವಾರ ಬೆಳಿಗ್ಗೆ ನಾಲ್ವರೂ ಮೆಟ್ರೊ ಹತ್ತಿದರು. ಮಗಳು ಟ್ಯೂಷನ್‌ಗೆ ಹೋಗಿದ್ದಳು. ರಾಜಾಜಿನಗರದ ಮೇಲೆ ಹಾದುಹೋಗುವ ಹಸಿರು ಮಾರ್ಗದ ಮೊದಲ ಭಾಗ, ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ, 2014ರ ಮಾರ್ಚ್ 1ರಂದು ಶುರುವಾಯಿತು. ಅದು ಮೆಜೆಸ್ಟಿಕ್ ದಾಟಿ ದಕ್ಷಿಣದ ಕಡೆಗೆ ಓಡಿದ್ದು 2017ರ ಜೂನ್‌ನಲ್ಲಿ. ಕುವೆಂಪು ರಸ್ತೆ, ಶ್ರೀರಾಂಪುರ, ಸಂಪಿಗೆ ರಸ್ತೆ ಎಂದು ತಾರಸಿಗಳ ಮೇಲೆ, ಒಣಗಲು ಹಾಕಿದ ಬಟ್ಟೆಗಳ ಮೇಲೆ, ನೀರಿನ ಟ್ಯಾಂಕುಗಳ ಮೇಲೆ ಸಾಗುವ ರೈಲು ಆಮೇಲೆ ಇದ್ದಕ್ಕಿದ್ದಂತೆ ನೆಲದೊಳಗೆ ಇಳಿಯುತ್ತದೆ. ಮೆಜೆಸ್ಟಿಕ್ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೇಲಿನ ಅಂತಸ್ತಿನಲ್ಲಿ ನೇರಳೆ ಮಾರ್ಗ. ಒಂದರಿಂದ ಇಳಿದು ಮೆಟ್ಟಿಲೇರಿ ಇನ್ನೊಂದನ್ನು ಹಿಡಿಯಬೇಕು. ಹುಡುಗ ಮೊದಲ ಸಲಕ್ಕೇ ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತು ಬೆರಳಿಟ್ಟು ನಿಲ್ದಾಣಗಳನ್ನು ಎಣಿಸಿದ. ತಾಯಿ ಮಾತ್ರ ಎಸ್ಕಲೇಟರಿನ ಮುಂದೆ ನಿಂತು, ಸೀರೆಯ ನೆರಿಗೆ ಎತ್ತಿ ಹಿಡಿದು, "ನಾನು ಮೆಟ್ಟಿಲಲ್ಲೇ ಬರ್ತೀನಿ" ಎಂದು ಬೇರೆ ದಾರಿ ಹಿಡಿದಳು.

"ಇಲ್ಲಿ ಮೊದಲು ಏನಿತ್ತು ಮಾವ?"

ಈ ಸಲ ಮಾವನಿಗೆ ಉತ್ತರ ಗೊತ್ತಿತ್ತು. ಮೇಲೆ ಬಸ್ ನಿಲ್ದಾಣವಿರುವ ಜಾಗವೆಲ್ಲ ಹಿಂದೆ ಧರ್ಮಾಂಬುಧಿ ಕೆರೆ. ಪೇಟೆಯ ಜನ ಕುಡಿಯುತ್ತಿದ್ದದ್ದು ಅದರ ನೀರನ್ನೇ. ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ ಇತ್ತು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ನದಿಯ ದಡದ ಮೇಲಿರಲಿಲ್ಲ, ಕೆರೆಗಳನ್ನು ನಂಬಿಕೊಂಡಿತ್ತು. ಊರು ಬೆಳೆದಂತೆ ಕೆರೆಗಳು ಬಸ್ ನಿಲ್ದಾಣಗಳಾದವು, ಮೈದಾನಗಳಾದವು. ಈಗ ಕುಡಿಯುವ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ. ನದಿಯಿರುವ ಮಟ್ಟಕ್ಕಿಂತ ಸುಮಾರು ಐನೂರು ಮೀಟರ್ ಎತ್ತರದಲ್ಲಿ ಊರಿರುವುದರಿಂದ ಹಂತ ಹಂತವಾಗಿ ಪಂಪು ಮಾಡಿ ಮೇಲೆತ್ತಬೇಕು. ಆ ನೀರು ಮೊದಲು ಬಂದದ್ದು 1974ರಲ್ಲಿ. "ನಮ್ಮ ತೋಟಕ್ಕೆ ಬರೋದು ಹೇಮಾವತಿ ನಾಲೆ ನೀರು. ಹೇಮಾವತಿನೂ ಕಾವೇರಿಗೇ ಅಲ್ವಾ ಸೇರೋದು?" ಎಂದ ಹುಡುಗ. ಮಾವನಿಗೆ ಮನೆಯ ನೀಲಿ ಡ್ರಮ್ಮುಗಳು ನೆನಪಾದುವೋ ಏನೋ, ತಲೆಯಾಡಿಸಿ ಸುಮ್ಮನಾದರು.

ವಿಧಾನಸೌಧವನ್ನು ಎಲ್ಲರೂ ರಸ್ತೆಯ ಈಚೆ ನಿಂತೇ ನೋಡಿದರು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ, ಕೆಂಗಲ್ ಹನುಮಂತಯ್ಯನವರ ಹಟದಿಂದ ಎದ್ದು 1956ರಲ್ಲಿ ಪೂರ್ಣಗೊಂಡ ಆ ಕಲ್ಲಿನ ಕಟ್ಟಡದ ಎದುರಿಗೇ ಕೆಂಪು ಬಣ್ಣದ ಅಠಾರ ಕಚೇರಿ, ಈಗಿನ ಹೈಕೋರ್ಟು, 1868ರಿಂದ ನಿಂತಿದೆ. ಅದರ ಹಿಂದೆ ಕಬ್ಬನ್ ಪಾರ್ಕು. ಅತ್ತೆ ಮನೆಯಿಂದ ತಂದಿದ್ದ ಪುಳಿಯೋಗರೆಯ ಡಬ್ಬಿ ಬಿಚ್ಚಿದ್ದು ಅಲ್ಲಿನ ಮರದ ನೆರಳಿನಲ್ಲಿ.

ಆ ದಿನದ ದೊಡ್ಡ ಭಾಗ ಕಳೆದದ್ದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ. ಅದರ ಕಟ್ಟಡವನ್ನು ನೆಹರೂ ತೆರೆದದ್ದು 1962ರಲ್ಲಿ. ಒಂದು ಗಂಟೆ ಸಾಕು ಎಂದುಕೊಂಡು ಒಳಗೆ ಹೋದವರು ಎಂಜಿನ್‌ಗಳ ವಿಭಾಗದಲ್ಲೇ ಒಂದು ಗಂಟೆ ನಿಂತರು. ಕಾರಣ, ಅಲ್ಲಿಯವರೆಗೆ ಹಿಂದೆ ಹಿಂದೆ ನಡೆಯುತ್ತಿದ್ದ ಮಾವ ಇದ್ದಕ್ಕಿದ್ದಂತೆ ಮುಂದೆ ಬಂದದ್ದು. ಬೆಂಗಳೂರಿಗೆ ಬಂದು ಅಷ್ಟು ವರ್ಷವಾದರೂ ಅವರು ಈ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ. ಹಲ್ಲಿನ ಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುವ ಮಾದರಿಯೊಂದರ ಮುಂದೆ ನಿಂತು, "ನೋಡಿಲ್ಲಿ, ದೊಡ್ಡ ಚಕ್ರ ಒಂದು ಸುತ್ತು ಬರೋ ಹೊತ್ತಿಗೆ ಸಣ್ಣದು ಮೂರು ಸುತ್ತು ಬರುತ್ತೆ. ಸಣ್ಣದಕ್ಕೆ ಓಟ ಜಾಸ್ತಿ, ಬಲ ಕಡಿಮೆ. ದೊಡ್ಡದಕ್ಕೆ ಓಟ ಕಡಿಮೆ, ಬಲ ಜಾಸ್ತಿ. ಸೈಕಲ್ಲಲ್ಲಿ ಗೇರ್ ಹಾಕ್ತಾರಲ್ಲ, ಇದೇ" ಎಂದು ಕೈಯಲ್ಲೇ ತಿರುಗಿಸಿ ತೋರಿಸತೊಡಗಿದರು. ಹಲ್ಲುಗಳನ್ನು ಉಕ್ಕಿನಲ್ಲಿ ಹೇಗೆ ಕೊರೆಯುತ್ತಾರೆ, ಕೂದಲೆಳೆಯಷ್ಟು ವ್ಯತ್ಯಾಸವಾದರೆ ಏನಾಗುತ್ತದೆ ಎಂದು ಅವರು ಹೇಳುತ್ತಿದ್ದಂತೆ ಯಾವುದೋ ಶಾಲೆಯಿಂದ ಬಂದಿದ್ದ ಏಳೆಂಟು ಮಕ್ಕಳು ಸುತ್ತ ಸೇರಿದರು. ಅವರಲ್ಲೊಬ್ಬಳು, "ಸರ್, ನೀವು ಇಲ್ಲಿನ ಮೇಷ್ಟ್ರಾ?" ಎಂದು ಕೇಳಿಯೇಬಿಟ್ಟಳು. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಮಾವನ ಮುಖ ಮಾತ್ರ ಸ್ವಲ್ಪ ಹೊತ್ತು ಬೇರೆಯೇ ಆಗಿತ್ತು.

ಮಕ್ಕಳಿಗೆ ನಗರ ತೋರಿಸಲು ಹೊರಟ ಹಿರಿಯರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದು ಇದರಲ್ಲಿದೆ. ತಮಗೆ ಗೊತ್ತಿರುವುದು ಏನೂ ಇಲ್ಲ, ಎಲ್ಲವೂ ಫಲಕದ ಮೇಲಿದೆ ಎಂದು ಅವರು ತಿಳಿಯುತ್ತಾರೆ. ಆದರೆ ದರ್ಜಿಯೊಬ್ಬ ತನ್ನ ಮಗನಿಗೆ ಚಿಕ್ಕಪೇಟೆಯ ಬಟ್ಟೆಯಂಗಡಿಗಳನ್ನೂ, ಬಸ್ ಚಾಲಕನೊಬ್ಬ ಮೆಜೆಸ್ಟಿಕ್ ನಿಲ್ದಾಣವನ್ನೂ ತೋರಿಸಬಲ್ಲಂತೆ ಯಾವ ಗೈಡೂ ತೋರಿಸಲಾರ. ನಗರವನ್ನು ನಡೆಸುವವರೇ ಮನೆಯಲ್ಲಿರುವಾಗ ಅದನ್ನು ಕೇಳುವ ಬಾಯೊಂದು ಬೇಕು, ಅಷ್ಟೆ.

ಮೂರು ಗಂಟೆಯ ಹೊತ್ತಿಗೆ ಹೆಂಗಸರಿಗೆ ಚಿಕ್ಕಪೇಟೆಗೆ ಹೋಗಬೇಕಿತ್ತು. ಊರಲ್ಲಿ ಮದುವೆಯೊಂದಿತ್ತು, ಸೀರೆ ಕೊಳ್ಳಬೇಕು, ಚೀಲ ಹೊರಲು ಮಾವ ಬೇಕು. ಹುಡುಗ ಮಾತ್ರ ಮೇಲಿನ ಅಂತಸ್ತಿನಲ್ಲಿದ್ದ ರೈಟ್ ಸಹೋದರರ ವಿಮಾನದ ಮಾದರಿಯನ್ನು ಬಿಟ್ಟು ಬರಲೊಲ್ಲ. ಮೂಲ ವಿಮಾನದಷ್ಟೇ ದೊಡ್ಡದಾದ ಅದರ ಮರದ ಕಡ್ಡಿಗಳನ್ನೂ ಬಟ್ಟೆಯ ರೆಕ್ಕೆಯನ್ನೂ ಅವನು ಎಣಿಸುತ್ತಿದ್ದಂತೆ ಕಾಣುತ್ತಿತ್ತು. "ನೀವು ಹೋಗಿ, ಐದು ಗಂಟೆಗೆ ನಾನೇ ಮನೆಗೆ ಬರ್ತೀನಿ" ಎಂದ.

ತಾಯಿಗೆ ಎದೆ ಧಸಕ್ಕೆಂದಿತು. "ಏನು, ಒಬ್ಬನೇನಾ? ಈ ಜನದಲ್ಲಾ?"

"ಕಬ್ಬನ್ ಪಾರ್ಕಲ್ಲಿ ಹತ್ತೋದು, ಮೂರನೇದು ಮೆಜೆಸ್ಟಿಕ್. ಕೆಳಗಿಳಿದು ಹಸಿರು ರೈಲು, ಅಲ್ಲಿಂದ ನಾಲ್ಕನೇದು ರಾಜಾಜಿನಗರ."

ಮಾವ ತಂಗಿಯ ಕಡೆ ನೋಡಿದರು. "ಇವನನ್ನ ಇಲ್ಲಿ ಓದೋಕೆ ಬಿಡಬೇಕು ಅಂತೀಯ. ಮನೆಗೆ ಬರೋಕೆ ಬಿಡಲ್ಲ ಅಂದ್ರೆ ಹೆಂಗಮ್ಮ?" ಈ ಮಾತಿಗೆ ತಾಯಿಯ ಬಳಿ ಉತ್ತರವಿರಲಿಲ್ಲ. ತನ್ನ ಫೋನನ್ನು ಮಗನ ಕೈಗೆ ಕೊಟ್ಟು, ಅಣ್ಣನ ನಂಬರನ್ನು ಎರಡು ಸಲ ಹೇಳಿಸಿ, ನೂರರ ನೋಟೊಂದನ್ನು ಒಳಜೇಬಿಗೆ ತುರುಕಿ ಹೊರಟಳು. ಚಿಕ್ಕಪೇಟೆಯ ಅಂಗಡಿಯಲ್ಲಿ ಅವಳು ಯಾವ ಸೀರೆ ಆರಿಸಿದಳೆಂಬುದು ಅವಳಿಗೇ ತಿಳಿಯಲಿಲ್ಲ. ವಾಪಸು ಸಿಟಿ ಬಸ್ಸಿನಲ್ಲಿ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೈಯಲ್ಲಿ ಹಿಡಿದು ಕೂತಾಗಲೂ ಕಣ್ಣು ಹೊರಗೇ ಇತ್ತು. ಆರು ಗಂಟೆಗೆ ಮನೆ ಸೇರಿದರೆ ಹುಡುಗ ಬಂದಿಲ್ಲ. ಹೊರಗೆ ಗುಡುಗು, ಬೇಸಿಗೆಯ ದಪ್ಪ ಹನಿಯ ಮಳೆ. ಫೋನು ಮಾಡಿದರೆ ತಗುಲುತ್ತಿಲ್ಲ.

ಹುಡುಗ ಬಂದದ್ದು ಆರು ನಲವತ್ತಕ್ಕೆ, ತೊಯ್ದು ತೊಪ್ಪೆಯಾಗಿ. ದಾರಿ ತಪ್ಪಿರಲಿಲ್ಲ. ಬೇಕೆಂದೇ ರಾಜಾಜಿನಗರದಲ್ಲಿ ಇಳಿಯದೆ ಮುಂದೆ ಹೋಗಿದ್ದ. ಮಹಾಲಕ್ಷ್ಮಿ ಆದ ಮೇಲಿನ ನಿಲ್ದಾಣದ ಹೆಸರು 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ಎಂದು ನಕ್ಷೆಯಲ್ಲಿ ಓದಿದ್ದನಂತೆ. "ಸೋಪಿನ ವಾಸನೆ ಬರುತ್ತಾ ಅಂತ ನೋಡೋಣ ಅನ್ನಿಸ್ತು. ಪ್ಲಾಟ್‌ಫಾರಂ ಮೇಲೇ ನಿಂತಿದ್ದೆ. ಮಳೆ ಬೇರೆ ಬಂತು. ಆಮೇಲೆ ಒಬ್ಬರು ಆಂಟಿನ ಕೇಳಿ ಎದುರುಗಡೆ ರೈಲು ಹತ್ತಿ ಬಂದೆ."

ತಾಯಿ ಬೈದಳು, ಟವೆಲ್ಲಿನಿಂದ ತಲೆ ಒರೆಸಿದಳು, ಮತ್ತೆ ಬೈದಳು. ಎಲ್ಲ ಮುಗಿದ ಮೇಲೆ ಮಾವ ಮೆಲ್ಲಗೆ ಕೇಳಿದರು: "ಬರುತ್ತಾ?"

"ಬರುತ್ತೆ ಮಾವ. ಮಳೆ ನಿಂತ ಮೇಲೆ ಚೆನ್ನಾಗಿ ಬಂತು."

ಆ ವಾಸನೆಯ ಹಿಂದೆಯೂ ಒಂದು ಕಥೆಯಿದೆ. ಮೊದಲ ಮಹಾಯುದ್ಧದ ದಿನಗಳಲ್ಲಿ ಮೈಸೂರಿನ ಗಂಧದ ಮರ ಯೂರೋಪಿಗೆ ಹೋಗುವುದು ನಿಂತುಹೋಗಿ ದಾಸ್ತಾನು ಬೆಳೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಮರದಿಂದ ಎಣ್ಣೆ ತೆಗೆಯುವ ಕೆಲಸ ಇಲ್ಲೇ ಶುರುವಾಯಿತು. ಆ ಎಣ್ಣೆಯಿಂದ ಸೋಪು ಮಾಡುವ ವಿದ್ಯೆಯನ್ನು ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಕಾರ್ಖಾನೆ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂದದ್ದು 1957ರಲ್ಲಿ. ಊರಿನ ಬಚ್ಚಲಿನಲ್ಲಿ ಹುಡುಗ ಎಷ್ಟೋ ವರ್ಷಗಳಿಂದ ನೋಡಿದ್ದ ಸೋಪಿನ ಡಬ್ಬಿಯ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭದ ಚಿತ್ರವಿದೆ. ಅದು ಎಲ್ಲಿಂದ ಬರುತ್ತದೆ ಎಂಬುದು ಅವನಿಗೆ ಆ ದಿನ ತಿಳಿಯಿತು.

ಭಾನುವಾರ ಬೆಳಿಗ್ಗೆ ಮೆಟ್ರೊ ತಡವಾಗಿ ಶುರುವಾಗುವುದರಿಂದ ಮಾವ ಅಳಿಯ ಇಬ್ಬರೇ ಕತ್ತಲಲ್ಲೇ ಎದ್ದು ಮಾರ್ಕೆಟ್ ಬಸ್ ಹಿಡಿದರು. ಹಾಲಿನಲ್ಲಿ ಹಾಸಿಗೆ ಮಡಿಸುವಾಗ ಹುಡುಗನಿಗೆ ಅಡಿಗೆಮನೆಯಲ್ಲಿ ಬೆಳಕು ಕಂಡಿತು. ಮಾವನ ಮಗಳು ಗ್ಯಾಸ್ ಒಲೆಯ ಪಕ್ಕದ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ನಿಂತೇ ಓದುತ್ತಿದ್ದಳು. ಹಿಂದಿನ ದಿನ ಬೆಳಿಗ್ಗೆಯೂ ಅವಳು ಅಲ್ಲೇ ನಿಂತಿದ್ದುದು ಅವನಿಗೆ ಆಗ ನೆನಪಾಯಿತು. ಅವಳ ಮೇಜಿದ್ದದ್ದು ಹಾಲಿನಲ್ಲಿ. ಹಾಲಿನಲ್ಲಿ ಅವನೂ ಅವನ ತಾಯಿಯೂ ಮಲಗಿದ್ದರು. ದೀಪ ಹಾಕಿದರೆ ನೆಂಟರಿಗೆ ಎಚ್ಚರವಾದೀತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಆ ಹೊತ್ತಿಗಾಗಲೇ ಅರ್ಧ ವ್ಯಾಪಾರ ಮುಗಿದಿತ್ತು. 1928ರಿಂದ ನಡೆಯುತ್ತಿರುವ ಈ ಮಾರುಕಟ್ಟೆಯ ಒಳಗೆ ಸೇವಂತಿಗೆ, ಕನಕಾಂಬರ, ಚೆಂಡುಹೂವಿನ ರಾಶಿಗಳು. ತಲೆಯ ಮೇಲೆ ಮೂಟೆ ಹೊತ್ತು 'ದಾರಿ ದಾರಿ' ಎನ್ನುತ್ತ ನುಗ್ಗುವ ಹಮಾಲರು. ತೆಂಗಿನಕಾಯಿಯ ಅಂಗಡಿಯೊಂದರ ಮುಂದೆ ಹುಡುಗ ನಿಂತುಬಿಟ್ಟ. ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಮಾವನಿಗೆ ಮೂರು ಕಾಯಿ ಆರಿಸಿಕೊಟ್ಟ. ಅಂಗಡಿಯವನು ನಗುತ್ತ, "ಯಾವೂರಪ್ಪ?" ಎಂದ. "ತಿಪಟೂರು ಕಡೆ" ಎಂದದ್ದೇ, "ಹಂಗನ್ನು ಮತ್ತೆ!" ಎಂದು ಕಾಯಿಗೆ ಎರಡು ರೂಪಾಯಿ ಬಿಟ್ಟ. ಹಿಂದಿನ ದಿನ ಮಾವನಿಗೆ ಸಿಕ್ಕಿದ್ದ ಮೇಷ್ಟ್ರ ಪಟ್ಟ ಈ ದಿನ ಅಳಿಯನಿಗೆ.

ಉಳಿದವರು ನೇರವಾಗಿ ಲಾಲ್‌ಬಾಗ್‌ಗೆ ಬಂದರು. ಆ ದಿನದ ತರಗತಿಗೆ ಚಕ್ಕರ್ ಹೊಡೆದು ಮಗಳೂ ಬಂದಿದ್ದಳು. ಅದನ್ನು ಅವಳ ತಾಯಿ ಕಂಡೂ ಕಾಣದಂತಿದ್ದರು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ, 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನಮನೆ, ಕ್ರುಂಬಿಗಲ್, ಮರಿಗೌಡರಂಥವರು ನೆಟ್ಟು ಬೆಳೆಸಿದ ಮರಗಳು, ಇವೆಲ್ಲವನ್ನೂ ಸುತ್ತಿ ಎಲ್ಲರೂ ಬಂಡೆಯನ್ನು ಹತ್ತಿ ಕೂತರು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಮೇಲಿನ ಕೆಂಪೇಗೌಡ ಗೋಪುರ ಅದರ ಮುಂದೆ ನಿನ್ನೆ ಮೊನ್ನೆಯದು. ಸುತ್ತ ಎಲ್ಲಿ ನೋಡಿದರೂ ಕಟ್ಟಡ. 2011ರ ಜನಗಣತಿಯ ಪ್ರಕಾರವೇ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನರಿದ್ದರು.

"ಇಲ್ಲಿ ಮೊದಲು ಏನಿತ್ತು ಅಂತ ಕೇಳಲ್ವೇನೋ?" ಎಂದಳು ಮಾವನ ಮಗಳು.

"ಇಲ್ಲಿ ಮೊದಲೂ ಇದೇ ಇತ್ತು" ಎಂದ ಹುಡುಗ.

ತಾಯಿ ಅಲ್ಲೇ ಕೇಳಿದಳು. ಮನೆಯಲ್ಲಿ ಕೇಳಿದರೆ ಅತ್ತಿಗೆಗೆ ಮುಜುಗರ, ಊರಲ್ಲಿ ಕೇಳಿದರೆ ಗಂಡನ ಮುಂದೆ ಮಗ ಬಾಯಿ ಬಿಡುವುದಿಲ್ಲ. "ಏನಪ್ಪ, ಬೆಂಗಳೂರು ಹಿಡಿಸ್ತಾ? ಬರ್ತೀಯಾ ಇಲ್ಲಿಗೆ?"

ಅತ್ತೆ ಆ ಕಡೆಗೆ ಮುಖ ಮಾಡಿ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಎರಡು ದಿನದಿಂದ ಅವರು ಹತ್ತು ಸಲ "ಇರಲಿ ಬಿಡಿ, ನಮ್ಮನೆ ಹುಡುಗ ತಾನೇ, ಹೊಂದಿಕೊಂಡು ಹೋದ್ರಾಯ್ತು" ಎಂದಿದ್ದರು. ಅದು ಸುಳ್ಳಾಗಿರಲಿಲ್ಲ. ಹಾಸಿಗೆ, ನೀರು, ಬಾಡಿಗೆ, ಮಗಳ ಕೊನೆಯ ವರ್ಷ ಎಂಬ ಲೆಕ್ಕವೂ ಸುಳ್ಳಾಗಿರಲಿಲ್ಲ.

"ಹಿಡಿಸ್ತಮ್ಮ, ತುಂಬಾ ಹಿಡಿಸ್ತು" ಎಂದ ಹುಡುಗ. "ಆದರೆ ಪಿಯುಸಿ ತಿಪಟೂರಲ್ಲೇ ಓದ್ತೀನಿ. ತೋಟಕ್ಕೆ ನೀರು ಬಿಡೋಕೆ ಅಪ್ಪ ಒಬ್ಬರೇ ಆಗ್ತಾರೆ. ಡಿಗ್ರಿಗೆ ಬರ್ತೀನಿ, ಹಾಸ್ಟೆಲಲ್ಲಿ ಇರ್ತೀನಿ." ಸ್ವಲ್ಪ ತಡೆದು, "ತಿಂಗಳಿಗೊಂದು ಸಲ ಬಂದು ಹೋಗ್ಲಾ? ಬೆಳಿಗ್ಗೆ ರೈಲಿಗೆ ಬಂದು ಸಾಯಂಕಾಲ ವಾಪಸ್. ಒಬ್ಬನೇ ಬರ್ತೀನಿ" ಎಂದ.

ಮೇಜಿನ ಮಾತನ್ನು ಅವನು ಎತ್ತಲಿಲ್ಲ. ಆದರೆ ಅಡಿಗೆಮನೆಯ ಕಟ್ಟೆಯ ಮೇಲೆ ನಿಂತು ಓದಿದ ಹುಡುಗಿ ಅವನ ಮುಖವನ್ನು ನೋಡಿ ತಲೆ ತಗ್ಗಿಸಿದಳು. ಸೋಮವಾರ ಬೆಳಿಗ್ಗೆ ಅತ್ತೆ ಕಟ್ಟಿಕೊಟ್ಟ ಬುತ್ತಿ ಇಬ್ಬರು ತಿನ್ನುವಷ್ಟಲ್ಲ, ನಾಲ್ವರು ತಿನ್ನುವಷ್ಟಿತ್ತು.

ಪಿಯುಸಿ ಮುಗಿಯುವ ಮುನ್ನ ಮಗನನ್ನು ನಗರಕ್ಕೆ ಸೇರಿಸದಿದ್ದರೆ ಅವನ ಬಾಳೇ ಹಿಂದೆ ಬೀಳುತ್ತದೆಂಬ ಭಯ ಇಂದು ಎಷ್ಟೋ ಊರಿನ ಎಷ್ಟೋ ಮನೆಗಳಲ್ಲಿದೆ. ನಗರ ಸೇರಿದರೆ ಕೆಟ್ಟುಹೋಗುತ್ತಾನೆಂಬ ಭಯವೂ ಅಷ್ಟೇ ಇದೆ. ಈ ಎರಡು ಭಯಗಳ ನಡುವೆ ಒಂದು ಕಾಲುದಾರಿಯಿದೆ. ನಗರವೆಂದರೆ ಒಳಗೆ ಹೋದರೆ ಹೊರಬರಲಾಗದ ಕೋಟೆಯೂ ಅಲ್ಲ, ವರ್ಷಕ್ಕೊಮ್ಮೆ ಕಾರಿನ ಕಿಟಕಿಯಿಂದ ನೋಡಿ ಮುಗಿಸುವ ಜಾತ್ರೆಯೂ ಅಲ್ಲ. ಅದು ಹೋಗಿಬರಬಹುದಾದ ಊರು. ಒಂದು ಸಲಕ್ಕೆ ಎರಡೇ ಸ್ಥಳ ಸಾಕು. ಬೆಳಿಗ್ಗೆ ಬೇಗ ಹೊರಡಬೇಕು, ಬುತ್ತಿ ಕಟ್ಟಿಕೊಂಡಿರಬೇಕು, ಬಸ್ಸೋ ಮೆಟ್ರೊವೋ ಹಿಡಿಯಬೇಕು. ಟಿಕೆಟ್ಟು ತೆಗೆಯುವುದು, ನಕ್ಷೆ ಓದುವುದು, ದಾರಿ ಕೇಳುವುದು ಮಕ್ಕಳ ಪಾಲಿಗೆ ಬಿಡಬೇಕು. ಒಂದರ್ಧ ದಾರಿಯನ್ನಾದರೂ ಅವರು ಒಬ್ಬರೇ ಬರಲಿ. ನಲವತ್ತು ನಿಮಿಷ ತಡವಾದರೆ ಬೈಯಲು ಹೇಗೂ ತಾಯಂದಿರಿದ್ದಾರೆ.

ಹುಡುಗ ತಿಪಟೂರಿನಲ್ಲೇ ಕಾಲೇಜು ಸೇರಿದ. ತಿಂಗಳಿಗೊಂದು ಭಾನುವಾರ ಬೆಳಗಿನ ರೈಲಿಗೆ ಹತ್ತಿ, ಯಶವಂತಪುರದಲ್ಲಿಳಿದು, ಒಂದು ಸಲ 1989ರಿಂದ ನಡೆಯುತ್ತಿರುವ ಜವಾಹರಲಾಲ್ ನೆಹರೂ ತಾರಾಲಯದ ಕನ್ನಡ ಪ್ರದರ್ಶನಕ್ಕೆ, ಇನ್ನೊಂದು ಸಲ ಅದೇ ಎಂಜಿನ್‌ಗಳ ವಿಭಾಗಕ್ಕೆ ಹೋಗುತ್ತಾನೆ. ಎರಡನೆಯದಕ್ಕೆ ಹೋಗುವ ದಿನ ಮಾವನಿಗೆ ಮೊದಲೇ ಫೋನು ಬರುತ್ತದೆ; ಅವರೂ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಾಜಾಜಿನಗರ ನಿಲ್ದಾಣದಲ್ಲಿ ಕಾದಿರುತ್ತಾರೆ. ಸಂಜೆ ಊರಿಗೆ ಹೊರಡುವ ಮೊದಲು ಹುಡುಗ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿಯುತ್ತಾನೆ. ಹಾಲಿನ ಮೂಲೆಯ ಮೇಜಿನ ಮೇಲೆ ದೀಪ ಉರಿಯುತ್ತಿರುತ್ತದೆ.